ಬೆಟ್ಟ ಹತ್ತದ ಕಾರು

ನನ್ನ ಹತ್ತಿರ ಇನ್ನೂರು ಪುಟದ ಒಂದು ಉದ್ದನೆಯ ನೋಟ್‌ಬುಕ್ ಇದೆ. 1996ರ ಜೂನ್‌ನಲ್ಲಿ, ಹೈಸ್ಕೂಲಿಗೆ ಸೇರಿದ ವಾರ ಶುರು ಮಾಡಿದ್ದು. ವಿದ್ಯಾರಣ್ಯಪುರಂನ ನಮ್ಮ ಮನೆಯ ಮುಂದೆ ಹಾದುಹೋಗುವ ಕಾರುಗಳನ್ನು ಮೊದಮೊದಲು ಅದರಲ್ಲಿ ಎಣಿಸಿ ಬರೆಯುತ್ತಿದ್ದೆ. ಆಮೇಲೆ ಅದು ಕಾರುಗಳ ವಿಚಿತ್ರಗಳ ಪಟ್ಟಿಯಾಯಿತು. ಹೆಡ್‌ಲೈಟ್ ತಗ್ಗಿಸುವ ಗುಂಡಿಯನ್ನು ಎಡಗಾಲಿನ ಕೆಳಗೆ, ನೆಲದಲ್ಲಿ ಇಟ್ಟದ್ದೇಕೆ? ಹ್ಯಾಂಡ್‌ಬ್ರೇಕನ್ನು ಕೊಡೆಯ ಹಿಡಿಯ ಹಾಗೆ ಡ್ಯಾಶ್‌ಬೋರ್ಡಿನ ಅಡಿಗೆ ಸಿಕ್ಕಿಸಿದ್ದೇಕೆ? ಮಳೆ ಬಂದರೆ ನೀರು ಸರಿಯಾಗಿ ಡ್ರೈವರನ ಮೊಣಕಾಲಿನ ಮೇಲೆಯೇ ತೊಟ್ಟಿಕ್ಕುವುದೇಕೆ? 2004ರ ಹೊತ್ತಿಗೆ ಪಟ್ಟಿ 117ಕ್ಕೆ ಬಂದಿತ್ತು. ಪ್ರತಿಯೊಂದರ ಎದುರೂ ತಾರೀಖು, ಹೇಳಿದವರು ಯಾರು, ನಾನೇ ಕಣ್ಣಾರೆ ನೋಡಿದೆನೋ ಇಲ್ಲವೋ ಎಂಬ ಗುರುತು.

ಹೇಳಿದವರು ಹೆಚ್ಚಾಗಿ ಇಬ್ಬರೇ. ನಜರ್‌ಬಾದಿನ ಒಂದು ಗ್ಯಾರೇಜಿನ ಮೇಸ್ತ್ರಿ, ಮತ್ತು ಸರ್ಕಾರಿ ಜೀಪು ಓಡಿಸಿ ನಿವೃತ್ತರಾದ ಒಬ್ಬ ಡ್ರೈವರ್. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಮನೆಯವರನ್ನು ಆಟೋ ಹತ್ತಿಸಿ ನಾನು ಗ್ಯಾರೇಜಿಗೆ ಹೋಗುತ್ತಿದ್ದೆ. ಯಾವುದೋ ಕಾರಿನಿಂದ ಕಿತ್ತ ಹಿಂದಿನ ಸೀಟೇ ನಮ್ಮ ಬೆಂಚು. ಮೂವರಲ್ಲಿ ಯಾರಿಗೂ ಸ್ವಂತ ಕಾರಿರಲಿಲ್ಲ. ಹಾಗಾಗಿ ಊರಿನ ಕಾರುಗಳೆಲ್ಲ ನಮ್ಮ ಬಾಯಿಗೆ ಬಂದು ಹೋಗುತ್ತಿದ್ದವು.

“ಕ್ಲಚ್ಚು ಅನ್ನೋದು ನಾಡಿ ಇದ್ದಂಗೆ,” ಎನ್ನುತ್ತಿದ್ದರು ಡ್ರೈವರ್. “ಇಂಜಿನ್ನು ಎಡಗಾಲಲ್ಲಿ ಮಾತಾಡ್ಬೇಕು. ಅದು ಕೇಳ್ದೆ ಓಡ್ಸೋನು ಡ್ರೈವರ್ರೇ ಅಲ್ಲ.”

ಇದನ್ನು ನಾನು 1999ರಲ್ಲಿ ಬರೆದುಕೊಂಡಿದ್ದೇನೆ. ಚೆನ್ನಾಗಿದೆ ಎಂದು ಪಕ್ಕದಲ್ಲಿ ಒಂದು ನಕ್ಷತ್ರವನ್ನೂ ಹಾಕಿದ್ದೇನೆ. ನನ್ನ ಅಕ್ಕನಿಗೆ ಎರಡು ವರ್ಷವಿದ್ದಾಗ ಪೋಲಿಯೊ ಆಗಿ ಎಡಗಾಲು ಹೋಯಿತು. ತೊಡೆಯಿಂದ ಹಿಮ್ಮಡಿಯವರೆಗೆ ಕಬ್ಬಿಣದ ಪಟ್ಟಿಗಳ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಾಳೆ. ನಕ್ಷತ್ರ ಹಾಕುವಾಗ ಅವಳ ನೆನಪು ನನಗೆ ಬಂದಿರಲಿಲ್ಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಜರ್‌ಬಾದಿನಲ್ಲೇ ಒಂದು ಕಚೇರಿಯಲ್ಲಿ ಟೈಪಿಸ್ಟ್. ಬಸ್ಸಿನ ಮೆಟ್ಟಿಲು ಅವಳಿಗೆ ಎತ್ತರ. ಆಟೋದವರು ಅವಳ ಕಾಲು ನೋಡಿ, ಹತ್ತುವುದಕ್ಕೆ ಎಷ್ಟು ಹೊತ್ತಾಗುತ್ತದೋ ಎಂದು ಮುಂದಕ್ಕೆ ಹೋಗಿಬಿಡುತ್ತಿದ್ದರು. ತಡವಾದ ದಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ, ಮೂರು ಗೆರೆಗೆ ಅರ್ಧ ದಿನದ ರಜೆ ಕಡಿತ. ಅಪ್ಪ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಅದೂ ನಿಂತಿತು.

2004ರ ಫೆಬ್ರವರಿಯಲ್ಲಿ ಅಪ್ಪನಿಗೆ ಪರಿಚಯವಿದ್ದ ಶ್ರೀರಾಂಪುರದ ವೈದ್ಯರೊಬ್ಬರು ಊರು ಬಿಡುವವರಿದ್ದರು. ತಮ್ಮ ಪುಟ್ಟ ಎಲೆಕ್ಟ್ರಿಕ್ ಕಾರನ್ನು ಮಾರುವುದಿದೆ, ಬೇಕಾದರೆ ಹತ್ತು ದಿನ ಇಟ್ಟುಕೊಂಡು ನೋಡಿ ಎಂದರು. ಮುಂದೆ ಇಬ್ಬರು ಕೂರಬಹುದು, ಹಿಂದೆ ಮಕ್ಕಳಿಗಾಗುವಷ್ಟೇ ಜಾಗ. ಗೇರಿಲ್ಲ, ಕ್ಲಚ್ಚಿಲ್ಲ. ಇರುವುದು ಎರಡೇ ಪೆಡಲ್, ಎರಡೂ ಬಲಗಾಲಿಗೆ.

ಅಕ್ಕ ಕಾರು ಮನೆಗೆ ಬರುವ ಮೊದಲೇ ಒಂದು ದಿನ ರಜೆ ಹಾಕಿ ಕಲಿಯುವವರ ಲೈಸೆನ್ಸಿಗೆ ಅರ್ಜಿ ಕೊಟ್ಟು ಬಂದಳು. ಕಾರಿಗೆ ಕೊಡುವ ಹಣ ಅವಳು ದುಡಿದು ಕೂಡಿಟ್ಟದ್ದೇ. ತೀರ್ಮಾನ ಮಾತ್ರ ಅಪ್ಪನದು.

“ಇವನು ದಿನಾ ಬರ್ದಿಡ್ಲಿ,” ಎಂದರು ಅಪ್ಪ ನನ್ನನ್ನು ತೋರಿಸಿ. “ಬರ್ದಿದ್ದು ನೋಡಿ ಹೇಳ್ತೀನಿ.”

ನನಗಾದ ಹೆಮ್ಮೆಯನ್ನು ಇವತ್ತು ನೆನೆಯಲು ನಾಚಿಕೆಯಾಗುತ್ತದೆ. ಎಂಟು ವರ್ಷದಲ್ಲಿ ಮೊದಲ ಸಲ ನನ್ನ ನೋಟ್‌ಬುಕ್ಕಿಗೆ ಮನೆಯಲ್ಲಿ ಒಂದು ಕೆಲಸ ಸಿಕ್ಕಿತ್ತು. ಹೊಸ ಪುಟದಲ್ಲಿ ಆರು ಕಾಲಂ ಎಳೆದೆ: ತಾರೀಖು, ಹೊರಟ ಹೊತ್ತು, ಕಿಲೋಮೀಟರ್, ಚಾರ್ಜಿನ ಮುಳ್ಳು, ಕರೆಂಟ್ ಹೋಗಿದ್ದ ಅವಧಿ, ದೋಷ. ದೋಷದ ಕಾಲಂ ಬೇಗ ತುಂಬಿತು. ಬಾಗಿಲು ಹಾಕಿದರೆ ಡಬ್ಬದ ಸದ್ದು. ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತದೆ. ಇಂಜಿನ್ ಸದ್ದಿಲ್ಲದ್ದರಿಂದ ಹಿಂದೆ ಬಂದು ನಿಂತರೂ ಹಸು ಕದಲುವುದಿಲ್ಲ.

ಮೊದಲ ಐದು ದಿನ ನಾನೇ ಊರೊಳಗೆ ಓಡಿಸಿದೆ. ಆರು, ಏಳು, ಎಂಟನೆಯ ದಿನ ಬೆಳಿಗ್ಗೆ ಅಕ್ಕ ಓಡಿಸಿದಳು. ಶ್ರೀರಾಂಪುರದಲ್ಲಿ ಆಗ ಹೊಸ ಬಡಾವಣೆಗಳು. ರಸ್ತೆಗಳಿದ್ದವು, ಮನೆಗಳಿರಲಿಲ್ಲ, ಸೈಟಿನ ಕಲ್ಲುಗಳು ಮಾತ್ರ. ಪಕ್ಕದಲ್ಲಿ ನಾನು ಕೂತಿದ್ದೆ. ಮೊದಲ ದಿನ ಅವಳು ಎರಡು ಸಲ ಬ್ರೇಕನ್ನು ಜೋರಾಗಿ ಒತ್ತಿದ್ದಕ್ಕೆ ಇಬ್ಬರೂ ಮುಂದಕ್ಕೆ ಮುಗ್ಗರಿಸಿದೆವು. ಮೂರನೆಯ ದಿನ ರಿವರ್ಸ್ ತೆಗೆದು ಎರಡು ಕಲ್ಲುಗಳ ನಡುವೆ ಸರಿಯಾಗಿ ತಂದು ನಿಲ್ಲಿಸಿದಳು. ನಿಲ್ಲಿಸಿದ ಮೇಲೂ ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ.

“ಈ ಕಾಲು ಒಂದಿದೆ ಅನ್ನೋದೇ ಮರ್ತೋಗಿತ್ತು ಕಣೋ,” ಎಂದಳು.

ಆ ದಿನದ ಸಾಲಿನಲ್ಲಿ ನಾನು ಬರೆದದ್ದು ಇಷ್ಟು: 6.10, ನಾಲ್ಕು ಕಿಲೋಮೀಟರ್, ಮುಳ್ಳು ಮುಕ್ಕಾಲು, ದೋಷ ಇಲ್ಲ. ಯಾರು ಓಡಿಸಿದರು ಎಂಬ ಕಾಲಂ ನನ್ನ ಪುಟದಲ್ಲಿ ಇರಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಕಾರನ್ನು ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಹೋಗದೆ ಇರಲು ಆಗುತ್ತಿರಲಿಲ್ಲ. ಹಿಂದಿನ ಭಾನುವಾರ ಗ್ಯಾರೇಜು ಮುಚ್ಚಿತ್ತು, ಅವರಿಬ್ಬರೂ ಏನೆನ್ನುತ್ತಾರೋ ಎಂದು ಒಂದು ವಾರದಿಂದ ಕಾದಿದ್ದೆ.

“ಬೊಂಬೆ ಕೂರ್ಸೋ ದಸರಾಕ್ಕೆ ಇನ್ನೂ ಎಂಟು ತಿಂಗ್ಳಿದೆ ಕಣಪ್ಪ,” ಎಂದರು ಮೇಸ್ತ್ರಿ. “ಈಗ್ಲೇ ತಂದ್ಬುಟ್ಯಲ್ಲ.”

ಡ್ರೈವರ್ ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದರು. “ಇಂಜಿನ್ ಎಲ್ಲಪ್ಪಾ?”

“ಇಂಜಿನ್ ಇಲ್ಲ ಸಾರ್. ಸೀಟಿನ ಕೆಳಗೆ ಬ್ಯಾಟರಿ.”

“ಟಾರ್ಚ್ ಮೇಲೆ ಕೂತ್ಕಂಡು ಹೋಗೋದು ಅನ್ನು.” ಬಾನೆಟ್ ಮುಚ್ಚಿದರು. “ಅದೆಲ್ಲ ಇರ್ಲಿ. ಬೆಟ್ಟ ಹತ್ತುತ್ತಾ?”

ಮೈಸೂರಿನಲ್ಲಿ ಗಾಡಿಗಳಿಗೆ ಇರುವುದು ಇದೊಂದೇ ಪರೀಕ್ಷೆ. ಹೊಸ ಗಾಡಿ ಕೊಂಡವರು ಪೂಜೆಗೆಂದು ಚಾಮುಂಡಿ ಬೆಟ್ಟಕ್ಕೆ ಹೋಗುತ್ತಾರೆ. ಹಳೆಯದನ್ನು ಕೊಳ್ಳುವವರು, ಯಾವ ಧರ್ಮದವರೇ ಆಗಲಿ, ಮುಂಗಡ ಕೊಡುವ ಮೊದಲು ಬೆಟ್ಟ ಹತ್ತಿಸಿ ನೋಡುತ್ತಾರೆ. ಹತ್ತಿದರೆ ಗಾಡಿ, ಹತ್ತದಿದ್ದರೆ ಗುಜರಿ.

ಬೆಳಿಗ್ಗೆ ಕರೆಂಟ್ ಇರಲಿಲ್ಲ, ಮುಳ್ಳು ಅರ್ಧಕ್ಕಿಂತ ಚೂರೇ ಮೇಲಿದೆ ಎಂದೆ.

“ಪರೀಕ್ಷೆ ಅಂದ್ಮೇಲೆ ಪರೀಕ್ಷೆ,” ಎಂದರು ಡ್ರೈವರ್. “ನಾಲ್ಕು ಜನದ ತೂಕ ಇರ್ಬೇಕು. ನಾವು ಮೂರೇ ಇದೀವಿ.”

ಮೇಸ್ತ್ರಿ ಒಳಗೆ ಹೋಗಿ ಗ್ರೀಸ್ ಹತ್ತಿದ ಒಂದು ಹಳೆಯ ಗೇರ್‌ಬಾಕ್ಸನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಹಿಂದಿನ ಸೀಟಿನ ಮೇಲಿಟ್ಟರು. “ಪಾಪ, ಇದಕ್ಕೆ ಗೇರ್‌ಬಾಕ್ಸೇ ಇಲ್ವಂತೆ. ನಾವಾದ್ರೂ ಕೊಡಾಣ.”

ಮೂವರೂ ನಕ್ಕೆವು. ನಾನೂ ನಕ್ಕೆ. ಆಮೇಲೆ ಮೇಸ್ತ್ರಿ ಮಕ್ಕಳ ಸೀಟಿನಲ್ಲಿ ಅಡ್ಡಡ್ಡ ಮಡಚಿಕೊಂಡು ಗೇರ್‌ಬಾಕ್ಸನ್ನು ಒಂದು ಕೈಯಲ್ಲಿ ತಬ್ಬಿ ಕೂತರು, ಡ್ರೈವರ್ ನನ್ನ ಪಕ್ಕದಲ್ಲಿ.

ಅರ್ಧ ಬೆಟ್ಟದವರೆಗೆ ಹೋಯಿತು. ಮೊದಲು ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿದ. ಊರೆಲ್ಲ ಕಾಣುವ ಒಂದು ತಿರುವಿನಲ್ಲಿ ಮುಳ್ಳು ಕೆಳಗೆ ಬಿದ್ದು ಕಾರು ಸದ್ದಿಲ್ಲದೆ ನಿಂತಿತು. ಇಳಿದು ತಳ್ಳಿ, ತಿರುಗಿಸಿ, ಇಳಿಜಾರಿನಲ್ಲೇ ಉರುಳಿಸಿಕೊಂಡು ಬಂದೆವು. ಡ್ರೈವರ್ ಮುಖದಲ್ಲಿದ್ದದ್ದು ಸಮಾಧಾನವೆಂದು ನನಗೆ ಅನಿಸಿತು. ಮೂವತ್ತೈದು ವರ್ಷ ಕ್ಲಚ್ ಒತ್ತಿದ ಕಾಲಿನ ಸಮಾಧಾನ ಅದು.

ಆ ಸಂಜೆ ದೋಷದ ಕಾಲಮಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: ಬೆಟ್ಟ ಹತ್ತಲಿಲ್ಲ. ಕೆಳಗೆ ಎರಡು ಗೆರೆ. ಗೇರ್‌ಬಾಕ್ಸಿನ ವಿಷಯ ಬರೆಯಲಿಲ್ಲ. ತೂಕಕ್ಕೆ ಕಾಲಂ ಇರಲಿಲ್ಲ.

ಹತ್ತನೆಯ ದಿನ ಅಪ್ಪ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಪುಟ ನೋಡಿದರು. ಅವರ ಕಣ್ಣಿಗೆ ಸ್ಪಷ್ಟವಾಗಿ ಕಂಡದ್ದು ಕೆಂಪು ಶಾಯಿಯೊಂದೇ.

“ಬೆಟ್ಟ ಹತ್ತಲ್ಲ ಅಂತ ಬರ್ದಿದಾನಲ್ಲಮ್ಮ.”

“ನಾನ್ಯಾಕಪ್ಪ ಬೆಟ್ಟ ಹತ್ಲಿ?” ಎಂದಳು ಅಕ್ಕ. “ನಂಗೆ ನಜರ್‌ಬಾದಿಗೆ ಹೋಗ್ಬೇಕು. ದಾರೀಲಿ ಯಾವ್ ಬೆಟ್ಟ ಇದೆ?”

“ಎಲ್ಲಾದ್ರೂ ನಿಂತ್ಬುಟ್ರೆ? ಇಳ್ದು ತಳ್ಳೋಕಾಗುತ್ತಾ ನಿನ್ ಕೈಲಿ?”

ಅವಳು ನನ್ನ ಕಡೆ ತಿರುಗಿದಳು. “ನೀನು ಪಕ್ಕದಲ್ಲೇ ಕೂತಿದ್ಯಲ್ಲೋ. ಹೇಳೋ.”

ಹೇಳಬಹುದಿತ್ತು. ಊರೊಳಗೆ ಒಂದು ಚಾರ್ಜಿಗೆ ಸರಾಸರಿ 54 ಕಿಲೋಮೀಟರ್ ಓಡಿದ ಲೆಕ್ಕ ಅದೇ ಪುಟದ ಹಿಂದೆ ಇತ್ತು. ಮನೆಯಿಂದ ಅವಳ ಕಚೇರಿಗೆ ಹೋಗಿ ಬರಲು ಒಂಬತ್ತು. ಎಂಟು ದಿನದಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಪುಟ ತಿರುಗಿಸಿದ್ದರೆ ಸಾಕಿತ್ತು. ಆದರೆ ನನ್ನ ಬರಹವನ್ನು ಯಾರೋ ಅನುಮಾನಿಸುತ್ತಿದ್ದಾರೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿತ್ತು.

“ಬರ್ದಿರೋದು ಸರಿಯಾಗೇ ಇದೆ,” ಎಂದೆ.

ಅವಳು ಎದ್ದು ಹೋಗುವಾಗ ಕ್ಯಾಲಿಪರಿನ ಕೀಲು ಎಂದಿನ ಹಾಗೆ ಟಕ್ಕೆಂದಿತು. ಮರುದಿನ ಕಾರನ್ನು ಒರೆಸಿ, ಫುಲ್ ಚಾರ್ಜ್ ಮಾಡಿ, ನಾನೇ ವೈದ್ಯರ ಮನೆಗೆ ಬಿಟ್ಟು ಬಂದೆ. ಆಮೇಲೆ ಅಕ್ಕನ ಕಲಿಯುವವರ ಲೈಸೆನ್ಸ್ ಬಂತು. ಆರು ತಿಂಗಳ ಅವಧಿ ಅದರ ಪಾಡಿಗೆ ಅದು ಮುಗಿಯಿತು.

ಆ ಕಾರನ್ನು ಶ್ರೀರಾಂಪುರದಲ್ಲೇ ಒಬ್ಬ ನಿವೃತ್ತ ಮೇಷ್ಟ್ರು ಕೊಂಡರು. ಅಲ್ಲಿಂದ 2008ರವರೆಗೆ ಅದನ್ನು ಹದಿನೇಳು ಸಲ ನೋಡಿದ್ದೇನೆ. ಹದಿನೇಳು ಸಲವೂ ಓಡುತ್ತಿತ್ತು. ಮೇಷ್ಟ್ರು ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗುತ್ತಾರಂತೆ. ಇದನ್ನೂ ತಾರೀಖಿನೊಂದಿಗೆ ಬರೆದಿಟ್ಟಿದ್ದೇನೆ, ಅಕ್ಕನಿಗೆ ಹೇಳಿಲ್ಲ. ನಾನು ಗ್ಯಾರೇಜಿಗೆ ಹೋಗುವುದನ್ನು ಬಿಟ್ಟೆ ಎಂದು ಬರೆಯಬೇಕೆನಿಸುತ್ತದೆ. ಬಿಡಲಿಲ್ಲ. ಬೆಟ್ಟ ಹತ್ತದ ಬೊಂಬೆಯ ಕಥೆಯನ್ನು ಅಲ್ಲಿ ಎಷ್ಟೋ ಭಾನುವಾರ ಹೇಳಿ ನಕ್ಕಿದ್ದೇವೆ.

ಹೋದ ತಿಂಗಳು ಆ ಪುಟವನ್ನು ತೆಗೆದು, ಏಳನೆಯ ಕಾಲಂ ಎಳೆದು, ಅವಳು ಓಡಿಸಿದ್ದನ್ನು ಈಗಲಾದರೂ ತುಂಬೋಣವೆಂದು ಕೂತೆ. ಮೂರು ಬೆಳಗು ಎಂಬುದು ಗೊತ್ತು. ಎಷ್ಟು ಸುತ್ತು ಎಂಬುದು ಗೊತ್ತಿಲ್ಲ. ಅಕ್ಕ ಕಚೇರಿಗೆ ಹೊರಟು, ಗೇಟಿನ ಹತ್ತಿರ ಆಟೋಗೆ ಕಾಯುತ್ತಿದ್ದಳು. ಹೋಗಿ ಕೇಳಿದೆ.

“ನಾನು ಎಣಿಸ್ಲಿಲ್ಲ ಕಣೋ,” ಎಂದಳು, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ. “ನೀನು ಬರ್ಕೊಂತಿದೀಯ ಅಂದ್ಕೊಂಡಿದ್ದೆ.”

ಒಂದು ಆಟೋ ನಿಧಾನಿಸಿ, ಅವಳ ಕಾಲು ನೋಡಿ, ಮುಂದೆ ಹೋಯಿತು.