ಉಳಿದುಹೋದ ಬಳೆಪೊಟ್ಟಣಗಳು

ಆ ಬೆಳಿಗ್ಗೆಯೂ ನಾನು ನೀರುದೋಸೆ ಹುಯ್ಯುತ್ತಿದ್ದಾಗ ಬ್ರಹ್ಮಾವರದ ಬಸ್ಸಿಳಿದು ನಮ್ಮ ಮ್ಯಾನೇಜರು ಬಂದರು. ನಾವುಂದದ ನಮ್ಮ ಗೇರುಬೀಜದ ಫ್ಯಾಕ್ಟರಿಯನ್ನು ಹದಿನೆಂಟು ವರ್ಷ ನೋಡಿಕೊಂಡವರು. ಹೋಗುವಾಗಲೂ ಬರುವಾಗಲೂ ಕುಂದಾಪುರದ ನಮ್ಮ ಮನೆಯಲ್ಲಿ ಮೂರು ಚಮಚ ಸಕ್ಕರೆಯ ಕಾಫಿ ಆಗಲೇಬೇಕು. ನನ್ನ ಮಗಳಿಗೆ ಸೈಕಲ್ ಕಲಿಸಿದವರು ಅವರೇ. ನನ್ನ ಗಂಡ ಫ್ಯಾಕ್ಟರಿಯ ಬೀಗದ ಕೈ ಕೊಟ್ಟು ನಿಶ್ಚಿಂತೆಯಿಂದ ಮಲಗುತ್ತಿದ್ದುದೂ ಅವರನ್ನು ನಂಬಿಯೇ.

ದೀಪಾವಳಿಗೆ ಬೀಜ ಸುಲಿಯುವ ಹೆಂಗಸರಿಗೆ ಸೀರೆ ಹಂಚುವುದು ಪ್ರತಿವರ್ಷ ಅವರ ಕೆಲಸ. ಈ ಸಲ ಗಾಜಿನ ಬಳೆಯನ್ನೂ ಕೊಡುವ ಆಸೆ ನನಗೆ. ಹೆಸರು, ಅಳತೆ ಬರೆದುಕೊಡಿ ಎಂದಿದ್ದೆ. ಅಂದು ಚೀಟಿ ತಂದಿದ್ದರು.

ಬಳೆಯಂಗಡಿಯವಳು ಓದಿ ನಕ್ಕಳು. "ಎರಡ್-ಐದಾ? ಯಾವ ಗಂಡ್ಸ್ ಬರ್ದದ್ದಮ್ಮಾ ಇದ್? ಎರಡ್-ನಾಲ್ಕ್ ಇತ್ತ್, ಎರಡ್-ಆರ್ ಇತ್ತ್. ನಡು ಅಳ್ತಿ ನಮ್ಮಲ್ಲಿಲ್ಲ."

ನಾಲ್ಕು ಹೆಸರುಗಳ ಮುಂದೆ ಅದೇ ಎರಡು-ಐದು. ನಾನೂ ನಕ್ಕು, ದೊಡ್ಡ ಅಳತೆಯದನ್ನೇ ಕೊಂಡೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಅಡಿಗೆರೆ ಎಳೆದು ಪ್ರತಿ ಪೊಟ್ಟಣದ ಮೇಲೂ ಹೆಸರು ಬರೆದೆ.

ಮಧ್ಯಾಹ್ನ ಫ್ಯಾಕ್ಟರಿಗೆ ಹೋದಾಗ ಮ್ಯಾನೇಜರು ಬ್ಯಾಂಕಿಗೆ ಹೋಗಿದ್ದರು. ಹೆಂಗಸರು ಅಲ್ಲೇ ಬಳೆ ತೊಟ್ಟು ಕೈ ಅಲ್ಲಾಡಿಸಿ ನಕ್ಕರು. ಎರಡು-ಐದರ ಹೆಸರಿನ ಆ ನಾಲ್ಕು ಪೊಟ್ಟಣ ಮಾತ್ರ ಉಳಿದವು. ಎಲ್ಲರಿಗಿಂತ ಹಳಬಳಿಗೆ ಹೆಸರು ಓದಿ ಹೇಳಿ ಕೇಳಿದೆ. ಅವಳು ತಲೆಯಲ್ಲಾಡಿಸಿದಳು.

"ಈ ಹೆಸ್ರಿನರ್ ಯಾರಮ್ಮಾ? ನಾ ಬಂದಲ್ಲಿಂದ ಕಂಡದ್ದಿಲ್ಲ."

ಆದರೆ ಸಂಬಳದ ಪುಸ್ತಕದಲ್ಲಿ ಆ ನಾಲ್ವರೂ ವಾರವಾರ ಸಂಬಳ ಪಡೆದು ಹೆಬ್ಬೆಟ್ಟು ಒತ್ತಿದ್ದರು. ಪುಟ ತಿರುವುತ್ತಾ ನನ್ನ ಗಂಡ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

ಸಂಜೆ ಮ್ಯಾನೇಜರು ಎಂದಿನಂತೆ ಬಂದರು. ನಾನು ಕಾಫಿ ಇಟ್ಟೆ. ನನ್ನ ಗಂಡ ಪಕ್ಕದಲ್ಲಿ ಪೊಟ್ಟಣಗಳನ್ನಿಟ್ಟರು. ಮ್ಯಾನೇಜರು ಹೆಸರುಗಳನ್ನು ಒಂದೊಂದಾಗಿ ಓದಿದರು.

"ಮಗ್ಳ್ ಮದಿ ಸಾಲಕ್ಕ್ ಅಂದೇಳಿ ಸುರು ಮಾಡದ್ದ್. ಮತ್ ನಿಲ್ಸುಕ್ ಆಯ್ಲಿಲ್ಲ."

"ಮದುವೆಗೆ ಅಂತ ನನ್ನತ್ರ ಕೇಂಡಿದ್ರೆ ಇಲ್ಲ ಅಂತಿದ್ನಾ ಮಾರಾಯ್ರೆ?" ಎಂದರು ನನ್ನ ಗಂಡ.

ಮ್ಯಾನೇಜರು ಬೀಗದ ಕೈಗಳನ್ನು ಲೋಟದ ಪಕ್ಕ ಇಟ್ಟು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಟರು. ಅವರ ಹಿಂದೆಯೇ ಗೇಟಿನವರೆಗೆ ಹೋದೆ. ಹುಷಾರು ಎಂದೆ, ಅಷ್ಟೆ.

ಪಕ್ಕದ ಮನೆಯಾಕೆ ಬಟ್ಟೆ ತೆಗೆಯುತ್ತಾ ಬೇಲಿಯಾಚೆಯಿಂದ ಕೂಗಿದಳು: "ಹ್ವಾಯ್, ಎಂತ, ನಿಮ್ ಮ್ಯಾನೇಜರ್ ಇವತ್ತ್ ಇಷ್ಟ್ ಬೇಗ ಹೊರಟ್ರ್? ಸಕ್ರಿ ಖಾಲಿ ಆಯ್ತಾ? ನಮ್ಮಲ್ಲಿ ಇತ್ತ್, ಬೇಕಾರೆ ಕೊಡ್ತೆ."