ಸೀಟ್ ಬೆಲ್ಟ್ ಕಟ್ಟಿಕೊಂಡ ಕುಂಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಳವೆಬಾವಿಯ ಅಂಗಳದಲ್ಲಿ ನೀರಿನ ಟ್ಯಾಂಕರ್‌ಗಳು ಸಾಲಾಗಿ ನಿಂತಿವೆ. ಮೊದಲನೆಯದರ ನೆತ್ತಿಗೆ ದಪ್ಪ ಪೈಪು ಇಳಿದು ನೀರು ದಬದಬ ಬೀಳುತ್ತಿದೆ. ಅದರ ಡ್ರೈವರ್ ಮಾತ್ರ ಅಲ್ಲಿಲ್ಲ. ಗೇಟಿನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ಎದುರಿಗೆ ಒಂದು ಪ್ಲಾಸ್ಟಿಕ್ ಕುಂಡ, ಅದರಲ್ಲೊಂದು ಜರಿಗಿಡ. ಯಾರೋ ಹಿಂದಿನ ಸಂಜೆಯೇ ತಂದಿಟ್ಟು ಹೋಗಿದ್ದಾರೆ. ಅದನ್ನು ಗಿಡ ಅನ್ನುವುದಕ್ಕಿಂತ ಸವೆದ ಪೊರಕೆ ಅಂದರೆ ಒಪ್ಪುತ್ತದೆ.

ಡ್ರೈವರ್ ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ, ಕೂಸನ್ನು ತೂಗಿ ನೋಡುವವರಂತೆ ಮೇಲೆ ಕೆಳಗೆ ಆಡಿಸುತ್ತಾರೆ. ಆಮೇಲೆ ತಮ್ಮ ಕ್ಯಾನಿನಿಂದ ಒಂದು ಲೋಟ ನೀರು ಸುರಿಯುತ್ತಾರೆ. ಸುರಿದಷ್ಟೂ ಕುಂಡದ ಅಂಚಿನಗುಂಟ ಇಳಿದು ಅಡಿಯ ತೂತಿನಿಂದ ಹೊರಗೆ ಬರುತ್ತದೆ.

“ನೋಡಿದ್ರಾ? ಮೇಲೆ ಹಾಕಿದ್ದು ಸೀದಾ ಕೆಳಗೆ ಹೊರಟುಹೋಯ್ತು. ಮನೆಯವರು ದಿನಾ ಹಾಕಿದ್ದಾರೆ ಪಾಪ. ಮಣ್ಣು ಒಣಗಿ ಇಟ್ಟಿಗೆ ಆಗಿ ಕುಂಡದಿಂದ ಬಿಟ್ಕೊಂಡಿದೆ. ಗಿಡದ ಬಾಯಿಗೆ ಒಂದು ಹನೀನೂ ಬಿದ್ದಿಲ್ಲ” ಅನ್ನುತ್ತಾರೆ. ಒಣ ಗರಿಗಳನ್ನು ಬೆರಳಿನಿಂದ ಸರಿಸಿ ನಡುಮಧ್ಯೆ ಇಣುಕುತ್ತಾರೆ. ಅಲ್ಲಿ ಹೆಬ್ಬೆರಳ ಉಗುರಿನಷ್ಟು ಹಸಿರು ಸುರುಳಿ. “ಇದೆ, ಜೀವ ಇದೆ. ಇದನ್ನ ಬಿಡೋ ಹಾಗಿಲ್ಲ.”

ಜರಿಗಿಡವನ್ನು ಅದೇ ಕ್ಯಾನಿನ ಒಂದು ಬೋಗುಣಿ ನೀರಿನಲ್ಲಿ ಕೂರಿಸುತ್ತಾರೆ. ಟ್ಯಾಂಕರ್ ತುಂಬುವಷ್ಟರಲ್ಲಿ ಮಣ್ಣು ಅಡಿಯಿಂದ ನೀರು ಹೀರಿಕೊಂಡು ಕಪ್ಪಗಾಗುತ್ತದೆ. ಕುಂಡಕ್ಕೆ ಒದ್ದೆ ಗೋಣಿ ಸುತ್ತಿ, ಕ್ಯಾಬಿನ್ನಿನಲ್ಲಿ ತಮ್ಮ ಪಕ್ಕದ ಸೀಟಿನಲ್ಲಿಟ್ಟು, ಬೆಲ್ಟ್ ಎಳೆದು ಕಟ್ಟುತ್ತಾರೆ. ಅವರ ಒಂದು ದಿನದ ಕೆಲಸ ನೋಡಿ ಬರೆಯಲು ಬಂದ ನಾನು ಎಲ್ಲಿ ಕೂರುವುದೆಂದು ತಡವರಿಸುತ್ತಿದ್ದರೆ, “ನೀವು ಸ್ವಲ್ಪ ಬಾಗಿಲ ಕಡೆ ಒತ್ತರಿಸಿ ಕೂತ್ಕೊಳ್ಳಿ. ಇದು ಪೇಷೆಂಟು” ಅನ್ನುತ್ತಾರೆ. ಹಿಂದಿನ ಟ್ಯಾಂಕರಿನವರು ಕಿಟಕಿಯಿಂದ ತಲೆ ಹಾಕಿ ಕೂಗುತ್ತಾರೆ: “ಏ ಆಂಬುಲೆನ್ಸು, ದಾರಿ ಬಿಡಪ್ಪಾ!”

ಅಂಗಳದಲ್ಲಿ ಎಲ್ಲರೂ ಇವರನ್ನು ಕರೆಯುವುದೇ ಹಾಗೆ, ಆಂಬುಲೆನ್ಸ್. ವಯಸ್ಸು ಐವತ್ತರ ಆಚೀಚೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ಊರಿನ ಸಂಪುಗಳಿಗೆ ನೀರು ಹೊಯ್ದವರು. ಮಳೆ ಇಲ್ಲಿಗೆ ಹಾದಿ ತಪ್ಪಿ ಬರುವ ನೆಂಟ. ವರ್ಷದ ಬಹುಪಾಲು ಗಾಳಿ ಒಣಗಿಯೇ ಇರುತ್ತದೆ. ಒಗೆದ ಬಟ್ಟೆ ಹಗ್ಗಕ್ಕೆ ಹಾಕಿದ ಹಾಗೇ ಗರಿಗರಿ, ತುಟಿ ಒಡೆಯದವರಿಲ್ಲ. ಅಂಥ ಊರಿನ ಜನ ಮನೆಯೊಳಗೆ ಒಂದಿಷ್ಟು ಹಸಿರು ಬೇಕೆಂದು ಕುಂಡ ತಂದಿಡುತ್ತಾರೆ. ಹಟ ಹಿಡಿದು ನೀರೆರೆಯುತ್ತಾರೆ. ಆಮೇಲೆ ಒಂದು ದಿನ ಎಲೆಯ ತುದಿ ಸುಟ್ಟದ್ದು ಕಾಣುತ್ತದೆ.

ಇವರು ಮೊದಲು ಕಂಡದ್ದೂ ಅದನ್ನೇ. ಅವರು ನೀರು ಹೊಯ್ಯುತ್ತಿದ್ದ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಕೋರ್ಟಿನಿಂದ ನಿವೃತ್ತರಾದ ಟೈಪಿಸ್ಟ್ ಒಬ್ಬರು ಒಂಟಿಯಾಗಿದ್ದಾರೆ. ಸಂಪು ತುಂಬಿದ್ದಕ್ಕೆ ಸಹಿ ಹಾಕಿಸಿಕೊಳ್ಳಲು ಹೋದಾಗ ಅವರು ಕಿಟಕಿಯ ಹತ್ತಿರ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಕೆಲಸ ಬಿಟ್ಟ ದಿನ ಜೊತೆಯವರೆಲ್ಲ ಸೇರಿ ಕೊಟ್ಟಿದ್ದ ಪೀಸ್ ಲಿಲಿ ಗಿಡ. ಬಿಳಿ ಹೂ ಬಿಡುತ್ತಿದ್ದದ್ದು ನಿಂತು, ಎಲೆಗಳೆಲ್ಲ ತುದಿಯಿಂದ ಕಂದಿ ಮುದುರಿಕೊಂಡಿದ್ದವು.

“ನೀರು ಹಾಕ್ತಾನೇ ಇದೀನಪ್ಪಾ. ಹಾಕಿದಷ್ಟೂ ಸೊರಗುತ್ತೆ. ನನ್ನ ಕೈಗುಣವೇ ಸರಿ ಇಲ್ವೇನೋ” ಅಂದರಂತೆ.

ಡ್ರೈವರ್ ಬಗ್ಗಿ ನೋಡಿದರು. ಎಲೆಯ ಕಡೆ ಅವರ ಗಮನ ಹೋಗಲಿಲ್ಲ. ಕುಂಡದ ಬಾಯಿಯ ಸುತ್ತ, ಮಣ್ಣಿನ ಮೇಲೆ, ಸುಣ್ಣದಂಥ ಬಿಳಿ ಹಕ್ಕಳೆ ಕಟ್ಟಿತ್ತು. “ಅದನ್ನ ನೋಡಿದ ಕೂಡಲೇ ನನಗೆ ಗುರುತು ಸಿಕ್ತು. ನನ್ನ ಟ್ಯಾಂಕರಿನ ನಲ್ಲಿಯ ಬಾಯಲ್ಲಿ ದಿನಾ ಕೆರೆದು ತೆಗೀತೀನಲ್ಲ, ಅದೇ ಇದು. ನನ್ನ ನೀರಿನ ಉಪ್ಪೇ ಆ ಗಿಡದ ಬುಡದಲ್ಲಿ ಕೂತಿತ್ತು.”

ಅವರು ಸುಮ್ಮನೆ ಸಹಿ ಹಾಕಿಸಿಕೊಂಡು ಇಳಿದು ಬರಬಹುದಿತ್ತು. ಹಾಗೆ ಮಾಡದೆ ಬಾಯಿಬಿಟ್ಟು ಹೇಳಿದರು: “ಅಮ್ಮಾ, ನಿಮ್ಮ ಕೈಗುಣ ಅಲ್ಲ. ನಾನು ತರೋ ನೀರೇ ಗಡಸು.” ಟೈಪಿಸ್ಟಮ್ಮ, “ಹಾಗಾದ್ರೆ ಮೆದು ನೀರು ಎಲ್ಲಿಂದ ತರೋಣ?” ಅಂದರು. ಇಬ್ಬರೂ ಯೋಚಿಸುತ್ತ ನಿಂತಾಗ ಬಾಲ್ಕನಿಯಲ್ಲಿ ಏಸಿಯ ಪೈಪು ತೊಟ್ಟಿಕ್ಕುತ್ತಿತ್ತು. ಗಾಳಿಯಿಂದ ಇಳಿದ ನೀರು, ಅದರಲ್ಲಿ ಉಪ್ಪಿಲ್ಲ. ಒಣ ಹವೆಯಾದ್ದರಿಂದ ಹನಿ ನಿಧಾನ, ಬಕೆಟ್ ತುಂಬಲು ದಿನಗಟ್ಟಲೆ ಬೇಕು. ಟೈಪಿಸ್ಟಮ್ಮ ಕಾದರು. ಡ್ರೈವರ್ ಹಕ್ಕಳೆ ಕೆರೆದು ತೆಗೆದು, ಆ ನೀರನ್ನು ಕುಂಡದೊಳಗೆ ಮೆಲ್ಲಗೆ ಮತ್ತೆ ಮತ್ತೆ ಹಾಯಿಸಿ ಮಣ್ಣು ತೊಳೆದರು. ಸುಟ್ಟ ಎಲೆ ಮತ್ತೆ ಹಸಿರಾಗಲಿಲ್ಲ, ಅದು ಆಗುವುದೂ ಇಲ್ಲ. ಆದರೆ ಮುಂದೆ ಬಂದ ಹೊಸ ಎಲೆ ತುದಿಯವರೆಗೂ ಹಸಿರಾಗಿಯೇ ಬಂತು.

ಆ ಸುದ್ದಿ ಮೆಟ್ಟಿಲು ಇಳಿದು ಬೀದಿಗೆ ಬರಲು ತಡವಾಗಲಿಲ್ಲ. ಟ್ಯಾಂಕರ್ ಬಂತೆಂದರೆ ಜನ ಬಿಂದಿಗೆಯ ಬದಲು ಕುಂಡ ಹಿಡಿದು ನಿಲ್ಲತೊಡಗಿದರು. ಇವರಿಗೆ ಎಲ್ಲವೂ ಗೊತ್ತಿತ್ತೆಂದಲ್ಲ. ಮೊದಲ ಬೇಸಿಗೆಯಲ್ಲಿ ಮನೆಗೆ ತಂದ ಗಿಡಗಳಲ್ಲಿ ಬದುಕಿದ್ದಕ್ಕಿಂತ ಸತ್ತದ್ದೇ ಹೆಚ್ಚು. ಒಬ್ಬರ ಸ್ನೇಕ್ ಪ್ಲಾಂಟಿಗೆ ಮರುಕಪಟ್ಟು ದಿನಾ ನೀರು ಕೊಟ್ಟು ಬೇರು ಕೊಳೆಸಿದರು. ಇನ್ನೊಬ್ಬರ ಮನಿ ಪ್ಲಾಂಟಿಗೆ ಬಿಸಿಲು ಬೇಕೆಂದು ತಾರಸಿಯ ಮೇಲಿಟ್ಟು ಒಂದೇ ಮಧ್ಯಾಹ್ನಕ್ಕೆ ಹಪ್ಪಳ ಮಾಡಿದರು. ಊರಾಚೆಯ ನರ್ಸರಿಯ ಮುದುಕರೊಬ್ಬರ ಹತ್ತಿರ ಹೋಗಿ ಬೈಸಿಕೊಂಡು, ಮತ್ತೆ ಹೋಗಿ, ಒಂದೊಂದಾಗಿ ಕಲಿತರು.

ಎರಡು ಕೋಣೆಯ ಅವರ ಮನೆಗೆ ಹೋದರೆ ಕಾಲಿಡಲು ಜಾಗ ಹುಡುಕಬೇಕು. ಕೂಲರಿನ ಗಾಳಿ ನೇರ ಬೀಸದ ಮೂಲೆಯಲ್ಲಿ ಕುಂಡಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಕೆಳಗೆ ಅಗಲವಾದ ತಟ್ಟೆಗಳಲ್ಲಿ ಕಲ್ಲುಹರಳು, ಹರಳಿನ ನಡುವೆ ನೀರು. “ಒಂದೊಂದೇ ಇಟ್ರೆ ಗಾಳಿ ಹೀರಿಬಿಡುತ್ತೆ. ಗುಂಪಲ್ಲಿದ್ರೆ ಒಂದರ ಉಸಿರು ಇನ್ನೊಂದಕ್ಕೆ ತಂಪು” ಅನ್ನುವವರು ಅವರ ಹೆಂಡತಿ. ಬೆಳಿಗ್ಗೆ ಶಾಲೆಯೊಂದರಲ್ಲಿ ಗುಡಿಸಿ ಒರೆಸಿ ಬರುವ ಈಕೆ, ಮಧ್ಯಾಹ್ನ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಎಲೆಯ ಬೆನ್ನು ಪರೀಕ್ಷಿಸುತ್ತಾರೆ. ಬಿಳಿ ಕಾಗದ ಹಿಡಿದು ಎಲೆಯನ್ನು ತಟ್ಟುತ್ತಾರೆ. ಉದುರಿದ ಚುಕ್ಕೆಗಳು ನಡೆದಾಡಿದರೆ ಅದು ನುಸಿ. ಒಣ ಹವೆಯಲ್ಲಿ ಅದರದೇ ಕಾಟ. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯನ್ನು ಅಡಿಯಲ್ಲೂ ಮೇಲೂ ಒರೆಸುತ್ತಾರೆ.

“ಇವರಿಗೆ ನುಸಿ ಕಾಣಲ್ಲ ಕಣ್ರೀ, ಟ್ಯಾಂಕರ್ ಕಂಡ್ರೆ ಪುಣ್ಯ” ಎಂದು ನಗುತ್ತಾರೆ. “ಮೊದಮೊದಲು ನನಗೆ ಸಿಟ್ಟು ಬರೋದು. ಅಡುಗೆಮನೆ ಕಿಟಕೀಲಿ ಪಾತ್ರೆ ಇಡೋಕೂ ಜಾಗ ಇಲ್ಲ. ಇವನ್ನೆಲ್ಲ ಎತ್ತಿ ಹೊರಗೆ ಹಾಕ್ತೀನಿ ಅಂತ ಒಂದಿನ ಎದ್ದೆ. ಎತ್ತಿದ ಕುಂಡದಲ್ಲೇ ಚಿಗುರು ಬಂದಿತ್ತು. ಏನು ಮಾಡ್ಲಿ ಹೇಳಿ, ವಾಪಸ್ ಇಟ್ಟೆ.”

ಎಲ್ಲ ನೆಟ್ಟಗೆ ನಡೆದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಎರಡು ವರ್ಷದ ಹಿಂದೆ ದೊಡ್ಡ ವಸತಿ ಕಟ್ಟಡವೊಂದರ ನಿವಾಸಿಗಳು, “ಗಿಡಕ್ಕೇ ಆಗದ ನೀರು ನಮಗೆ ಹೇಗೆ ಆದೀತು?” ಎಂದು ತಕರಾರು ತೆಗೆದು ಬೇರೆ ಟ್ಯಾಂಕರಿನವರನ್ನು ಹಿಡಿದರು. ಕೊಳವೆಬಾವಿಯ ಮಾಲೀಕರಿಗೆ ರೇಗಿತು. ರೇಗದೆ ಏನು? ಅವರು ಮೋಸ ಮಾಡಿದವರಲ್ಲ. ಆ ನೆಲದಡಿ ಸಿಗುವ ನೀರೇ ಅಂಥದ್ದು.

“ಏನಯ್ಯಾ, ನನ್ನ ಗಾಡೀಲಿ ಕೂತು ನನ್ನ ನೀರನ್ನೇ ಬೈಕೊಂಡು ತಿರುಗ್ತೀಯಾ? ನಾನು ಬಾಗಿಲು ಹಾಕ್ಕೊಂಡು ಹೋಗ್ಲಾ?” ಎಂದು ಎಲ್ಲರೆದುರು ಕೇಳಿದರು.

“ಬೈದಿಲ್ಲ ಸಾರ್. ತೊಳೆಯೋಕೆ, ಸ್ನಾನಕ್ಕೆ ಏನೂ ತೊಂದರೆ ಇಲ್ಲ, ಕುಂಡಕ್ಕೆ ಮಾತ್ರ ಬೇಡ ಅಂದಿದ್ದೀನಿ.”

“ಅದನ್ನೂ ಅನ್ನಬೇಡ. ಹೋಗಿ ಅವರ ಹತ್ರ ನೀರು ಎಲ್ಲದಕ್ಕೂ ಚೆನ್ನಾಗಿದೆ, ನಾನೇ ತಪ್ಪು ಹೇಳಿದೆ ಅಂತ ಒಪ್ಕೊಂಡು ಬಾ.”

ಡ್ರೈವರ್ ಹೋದರು. ಕಟ್ಟಡದವರ ಸಭೆಯಲ್ಲಿ ಚಪ್ಪಲಿ ಬಿಟ್ಟು ನಿಂತು ಮಾತಾಡಿದರು. ತಪ್ಪು ಒಪ್ಪಿಕೊಳ್ಳಲಿಲ್ಲ. ಯಾವ ಟ್ಯಾಂಕರ್ ಕರೆಸಿದರೂ ಈ ಸುತ್ತಿನ ನೆಲದಲ್ಲಿ ಇದೇ ನೀರು, ನಮ್ಮ ಮಾಲೀಕರನ್ನು ಬಿಟ್ಟು ಏನೂ ಪ್ರಯೋಜನವಿಲ್ಲ, ಗಿಡಕ್ಕೆ ಏಸಿ ನೀರು ಹಿಡಿದಿಡಿ ಎಂದು ತಮಗೆ ತಿಳಿದಂತೆ ವಿವರಿಸಿದರು. ಕೆಲವರು ತಲೆದೂಗಿದರು. ಆದರೆ ಹೊಸಬರಿಗೆ ಮಾತು ಕೊಟ್ಟಾಗಿತ್ತು, ಕಟ್ಟಡ ವಾಪಸು ಬರಲಿಲ್ಲ. ಮರುದಿನವೇ ಮಾಲೀಕರು ಇವರನ್ನು ಮನೆಗಳ ದಾರಿಯಿಂದ ತೆಗೆದು ಊರ ಹೊರಗಿನ ಕಟ್ಟಡ ಕೆಲಸದ ಜಾಗಗಳಿಗೆ ಹಾಕಿದರು. ಅಲ್ಲಿ ಸಿಮೆಂಟು, ಕಬ್ಬಿಣ, ಧೂಳು. ಕುಂಡ ಅನ್ನುವ ವಸ್ತುವೇ ಇಲ್ಲ.

“ಮೊದಲ ವಾರ ಊಟ ಸೇರಲಿಲ್ಲ” ಎಂದು ಅವರೇ ಹೇಳುತ್ತಾರೆ. “ಆಮೇಲೆ ಅನ್ನಿಸ್ತು, ದಾರಿ ತಾನೇ ಕಿತ್ಕೊಂಡಿರೋದು, ಕೈ ಕಿತ್ಕೊಂಡಿಲ್ವಲ್ಲ.”

ಅಂದಿನಿಂದ ಟ್ಯಾಂಕರ್ ನಿಲ್ಲಿಸಿದ ಮೇಲೆ ಸೈಕಲ್ ಹತ್ತುತ್ತಾರೆ. ಹಿಂದಿನ ಕ್ಯಾರಿಯರ್‌ಗೆ ಹಣ್ಣಿನ ಕ್ರೇಟು ಕಟ್ಟಿದ್ದಾರೆ. ಹಳೆಯ ಬೀದಿಗಳಲ್ಲಿ ದಿನಕ್ಕೆ ಐದಾರು ಮನೆ, ಕೆಲವೊಮ್ಮೆ ಇನ್ನೂ ಹೆಚ್ಚು. ಏಸಿಯ ಬಾಯಿಗೆ ನೇರ ಇಟ್ಟ ರಬ್ಬರ್ ಗಿಡವನ್ನು ಸರಿಸುತ್ತಾರೆ. ಹೊಗೆಯಂತೆ ಏಳುವ ಸಣ್ಣ ನೊಣ ಕಂಡರೆ ಮಣ್ಣು ಒಣಗಲು ಬಿಡಿ ಅನ್ನುತ್ತಾರೆ. ಹತ್ತಿಯಂತೆ ಅಂಟಿದ ಹಿಟ್ಟು ತಿಗಣೆಯನ್ನು ಕಡ್ಡಿಗೆ ಬಟ್ಟೆ ಸುತ್ತಿ ಒರೆಸುತ್ತಾರೆ. ಉಳಿಯದ ಗಿಡವನ್ನು ಉಳಿಯದು ಎಂದೇ ಹೇಳುತ್ತಾರೆ. ಅದನ್ನು ಹೇಳುವುದೇ ಕಷ್ಟವಂತೆ. “ಒಬ್ಬ ಅಜ್ಜ ಒಣಗಿದ ಕಾಂಡ ಹಿಡ್ಕೊಂಡು ಇನ್ನೊಂದ್ಸಲ ನೋಡಪ್ಪಾ ಅಂದ್ರು. ನೋಡಿದೆ. ಉಗುರಲ್ಲಿ ಕೆರೆದೆ, ಒಳಗೂ ಕಂದು. ಇಲ್ಲ ಅಜ್ಜಾ ಅಂದೆ. ಕುಂಡ ತೊಳೆದು ಅವರ ಕೈಗೆ ಕೊಟ್ಟು ಬಂದೆ.”

ಒಂದು ವರ್ಷ ಕಳೆದ ಮೇಲೆ ಮಾಲೀಕರೇ ಕರೆದರು. ಬೀದಿಯವರೆಲ್ಲ ಹಳೇ ಡ್ರೈವರ್ ಎಲ್ಲಿ ಎಂದು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. “ಬಾರಯ್ಯಾ, ನಿನ್ನ ದಾರಿ ನಿನಗೇ ಕೊಡ್ತೀನಿ. ಒಂದೇ ಷರತ್ತು, ಗಿಡದ ಸುದ್ದಿ ಎತ್ತಬಾರದು.” ಹತ್ತಿರದ ಬೀದಿಗಳು, ಟಾರು ರಸ್ತೆ, ಮಧ್ಯಾಹ್ನ ಮನೆಯಲ್ಲಿ ಊಟ. ಎದೆ ನೋವೆಂದು ಆಗಷ್ಟೇ ವೈದ್ಯರನ್ನು ಕಂಡು ಬಂದಿದ್ದ ಹೆಂಡತಿ, “ಒಪ್ಕೊಳ್ರೀ, ಧೂಳು ತಪ್ಪುತ್ತೆ” ಅಂದರು. ಇವರು ಆ ಸಂಜೆಯೆಲ್ಲ ಕುಂಡಗಳ ಮುಂದೆಯೇ ಕೂತಿದ್ದರು. ಬೆಳಿಗ್ಗೆ ಹೆಂಡತಿಯೇ ಡಬ್ಬಿ ಕಟ್ಟಿಕೊಡುತ್ತ, “ಬೇಡ ಬಿಡಿ. ಬಾಯಿ ಮುಚ್ಕೊಂಡಿರೋಕೆ ನಿಮ್ಮ ಕೈಲಾಗಲ್ಲ, ನನಗೆ ಗೊತ್ತು” ಎಂದುಬಿಟ್ಟರು. ಇವರು ಹೋಗಿ ಮಾಲೀಕರಿಗೆ, “ಅದೊಂದು ಆಗಲ್ಲ ಸಾರ್” ಎಂದು ಹೇಳಿ ಸಿಮೆಂಟಿನ ಕಡೆಗೇ ಗಾಡಿ ತಿರುಗಿಸಿದರು. ಹೆಂಡತಿಯ ಎದೆ ನೋವು ಬರೀ ಗ್ಯಾಸ್ ಎಂದು ಆಮೇಲೆ ತಿಳಿಯಿತು. “ಅಷ್ಟರಲ್ಲಿ ನಾನು ಅರ್ಧ ಸತ್ತಿದ್ದೆ” ಅನ್ನುತ್ತಾರೆ ಇವರು.

ಈಗ ನಮ್ಮ ಟ್ಯಾಂಕರ್ ನಿಂತಿರುವುದು ಅಂಥದೇ ಒಂದು ಅರೆ ಕಟ್ಟಡದ ಎದುರು. ನೀರು ತೊಟ್ಟಿಗೆ ಇಳಿಯುತ್ತಿದೆ. ಇವರು ಜರಿಗಿಡವನ್ನು ಎತ್ತಿಕೊಂಡು ಮೆಟ್ಟಿಲಿನ ಕೆಳಗಿನ ನೆರಳಿನಲ್ಲಿಟ್ಟು ಬರುತ್ತಾರೆ. ಕೆಲಸದ ಉಸ್ತುವಾರಿಯ ಇಂಜಿನಿಯರ್ ಮೇಡಂಗೆ ಇದು ರೂಢಿಯಾಗಿದೆ. “ಇವತ್ತು ಯಾರು ಅಡ್ಮಿಟ್ಟು?” ಎಂದು ಕೇಳುತ್ತಾರೆ.

ಇದೇ ಕಟ್ಟಡದಲ್ಲಿ ಬಾಗಿಲು ಕಿಟಕಿ ಇಲ್ಲದ ಕೋಣೆಗಳಲ್ಲಿ ಸುತ್ತಾಡುತ್ತಿದ್ದಾಗ ಡ್ರೈವರ್‌ಗೆ ಒಂದು ವಿಚಾರ ಹೊಳೆಯಿತು. ಇಲ್ಲಿಗೂ ಜನ ಬರುತ್ತಾರೆ, ಕುಂಡ ತರುತ್ತಾರೆ, ಇದೇ ಗಡಸು ನೀರು ಹಾಕುತ್ತಾರೆ. ಪ್ರತಿ ಬಾಲ್ಕನಿಯ ಏಸಿ ಪೈಪು ಬೀದಿಗೆ ತೊಟ್ಟಿಕ್ಕುವ ಬದಲು ಒಂದು ಪೀಪಾಯಿಗೆ ಬಿದ್ದರೆ? ಹಿಂಜರಿಯುತ್ತಲೇ ಹೋಗಿ ಕೇಳಿದರು. ಮೇಡಂ ಮೊದಲು ನಕ್ಕರು. ಇವರು ಮರುವಾರ ಮತ್ತೆ ಕೇಳಿದರು, ಅದರ ಮುಂದಿನ ವಾರವೂ ಕೇಳಿದರು.

“ಇವರ ಕಾಟ ತಡೆಯೋಕಾಗದೇ ನಕ್ಷೆ ತೆಗೆದೆ. ತೆಗೆದು ನೋಡಿದ್ರೆ ಕಷ್ಟ ಏನೂ ಇರಲಿಲ್ಲ” ಅನ್ನುತ್ತಾರೆ ಮೇಡಂ. ಈಗ ಗೋಡೆಯಗುಂಟ ಸಣ್ಣ ಕೊಳವೆಗಳು ಇಳಿದು, ಮಹಡಿಗೊಂದರಂತೆ ನೀಲಿ ಪೀಪಾಯಿಯ ಬಾಯಿಗೆ ಸೇರುತ್ತವೆ. ಏಸಿಗಳು ಇನ್ನೂ ಬಂದಿಲ್ಲ, ಪೀಪಾಯಿಗಳು ಖಾಲಿ. ಡ್ರೈವರ್ ಒಂದರ ಮುಚ್ಚಳ ತೆಗೆದು, ಒಳಗೆ ಬಿದ್ದಿದ್ದ ಸಿಮೆಂಟಿನ ಚೂರನ್ನು ಹೆಕ್ಕಿ ಎಸೆದು, ಮತ್ತೆ ಮುಚ್ಚುತ್ತಾರೆ.

ಹಳೆಯ ದಾರಿ ಮತ್ತೆ ಸಿಗಲಿ ಎಂಬ ಆಸೆ ಇಲ್ಲವೇ ಎಂದು ಕೇಳುತ್ತೇನೆ. ಅವರು ಪೈಪು ಸುತ್ತುತ್ತಲೇ ಹೇಳುತ್ತಾರೆ:

“ಸಿಕ್ಕಿದ್ರೆ ಸಂತೋಷ, ಸಿಗದಿದ್ರೆ ಸೈಕಲ್ ಇದೆ. ನನ್ನ ಆಸೆ ಅಂದ್ರೆ ಇಷ್ಟೇ. ಜನ ನೀರು ಹಾಕೋ ಮುಂಚೆ ಒಂದ್ಸಲ ಮಣ್ಣಿಗೆ ಬೆರಳು ಇಳಿಸಿ ನೋಡ್ಲಿ. ಒಳಗೆ ತೇವ ಇದ್ರೆ ಸುಮ್ಮನಿರ್ಲಿ, ಇಲ್ಲದಿದ್ರೆ ಹಾಕ್ಲಿ. ಎಲ್ರೂ ಅಷ್ಟು ಕಲಿತುಬಿಟ್ರೆ ನನ್ನನ್ನ ಯಾರೂ ಕರೆಯಲ್ಲ.” ಪೈಪನ್ನು ಹೆಗಲಿಗೆ ಎಸೆದುಕೊಂಡು ನಗುತ್ತಾರೆ. “ಕರೆಯದೇ ಇರ್ಲಿ. ಆವತ್ತು ಮನೇಲಿ ಕಾಲು ಚಾಚಿ ಮಲಗ್ತೀನಿ.”