ಪಾಪಿನಾಯಕನಹಳ್ಳಿಯ ಕುಲುಮೆ ಆರಿಸಿದ್ದು

ಹುಬ್ಬಳ್ಳಿಯಿಂದ ಬಂದ ರೈಲು ಹೊಸಪೇಟೆ ಮುಟ್ಟಿದಾಗ ಬಿಸಿಲು ಏರಿತ್ತು. ನಿಲ್ದಾಣದೆದುರು ಮಂಡಕ್ಕಿ, ಮಿರ್ಚಿ ತಿಂದು, ಅದಿರು ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ಪಾಪಿನಾಯಕನಹಳ್ಳಿಗೆ ಹೊರಟೆ. ಅಲ್ಲಿ ವಿರೂಪಾಕ್ಷಪ್ಪ ಎಂಬವರ, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಸಣ್ಣ ಫೌಂಡ್ರಿಯಿದೆ. ವಿದ್ಯುತ್ ಕುಲುಮೆಗಳು ಒಳಗೆ ಹೇಗೆ ಕಾಯುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ನೋಡುವುದು ನನ್ನ ಕೆಲಸ. ಅವರ ಕುಲುಮೆ ಈಚೆಗೆ ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂದು ಕರೆಸಿದ್ದರು.

ಈ ಕುಲುಮೆಯಲ್ಲಿ ಬೆಂಕಿಯಿಲ್ಲ. ಸುತ್ತಲಿನ ತಾಮ್ರದ ಸುರುಳಿಯಲ್ಲಿ ಕರೆಂಟ್ ಹರಿದರೆ ನಡುವಿನ ಕಬ್ಬಿಣ ತಾನೇ ಕಾದು ಕರಗುತ್ತದೆ. ಸುರುಳಿ ಕಾಯದಿರಲೆಂದು ಅದರೊಳಗೆ ನೀರು ಹರಿಸಿರುತ್ತಾರೆ. ಕರಗಿದ ಕಬ್ಬಿಣಕ್ಕೂ ಆ ನೀರಿಗೂ ನಡುವೆ ಇರುವುದು ಕಲ್ಲುಪುಡಿಯನ್ನು ಬಡಿದು ಕಟ್ಟಿದ ಗೋಡೆಯೊಂದೇ. ಎರಡೂ ಕೂಡಿದರೆ ಸಿಡಿಯುತ್ತದೆ.

ಮೀಟರಿನ ಅಂಕಿಗಳನ್ನು ಮಾದರಿಗೆ ಕೊಟ್ಟೆ. ಗೋಡೆ ಮೊದಲಿನಷ್ಟೇ ದಪ್ಪಗಿದೆ ಎಂದರೆ ಲೆಕ್ಕ ಕೂಡಲಿಲ್ಲ. ತಳದ ಹತ್ತಿರ ಸವೆದಿದೆ ಎಂದಾಗ ಕೂಡಿತು. ಯಾವ ಬದಿ ಎಂದು ಮಾತ್ರ ಹೇಳಲಾಗದು; ನನ್ನ ಮಾದರಿಗೆ ಕುಲುಮೆ ಸುತ್ತಲೂ ಒಂದೇ ಸಮ.

"ಆರಿಸಿ, ಗೋಡೆ ಒಡೆದು ನೋಡಬೇಕು," ಎಂದೆ.

ವಿರೂಪಾಕ್ಷಪ್ಪ ಹಣೆ ಒರೆಸಿಕೊಂಡರು. "ಕಂಪ್ಲಿ ರೈಸ್ ಮಿಲ್ಲಿನವ್ರು ಗೇರ್ ಚಕ್ರಕ್ಕ ಕಾಯಾಕತ್ಯಾರ್ರಿ ಮೇಡಂ, ಮಿಲ್ ನಿಂತೈತಿ. ಇದೊಂದು ಸಲ ಕರಗಿಸಿ ಆರಿಸಿದ್ರ ಆಗಂಗಿಲ್ಲೇನ್ರಿ?"

"ಏನೂ ಆಗದಿರಬಹುದು. ಹಾಗೆಂದು ಭರವಸೆ ಕೊಡಲಾರೆ."

ಅವರು ಕುಲುಮೆ ನಡೆಸುವ ಹುಲುಗಪ್ಪನವರ ಕಡೆ ನೋಡಿದರು.

"ನನ್ನ ಕಣ್ಣಿಗಂತೂ ಗೋಡಿ ಚಲೋನ ಕಾಣ್ತೈತ್ರಿ," ಎಂದರು ಹುಲುಗಪ್ಪ. "ಆದ್ರ ಅದರ ಮುಂದ ನಿಲ್ಲಾಂವ ನಾನು. ಒಡದು ನೋಡೋಣ್ರಿ, ಸಾವಕಾರ್ರ."

ಕುಲುಮೆ ತಣಿಯಲು ಮಾರನೆಯ ದಿನದವರೆಗೆ ಕಾಯಬೇಕಿತ್ತು. ಕಮಲಾಪುರದ ಬಾಳೆತೋಟಗಳನ್ನು ದಾಟಿ ಹಂಪಿಗೆ ಹೋದೆ. ಬಂಡೆಗಳು ಕಾದಿದ್ದವು. ಸುತ್ತಾಡುವ ಮನಸ್ಸಾಗದೆ ಒಂದು ಮಂಟಪದ ನೆರಳಲ್ಲಿ ಲ್ಯಾಪ್‌ಟಾಪ್ ತೆರೆದು ಅಂಕಿಗಳನ್ನು ಬದಲಿಸಿ ಮತ್ತೆ ಮತ್ತೆ ಲೆಕ್ಕ ಓಡಿಸಿದೆ. ಉತ್ತರ ಬದಲಾಗಲಿಲ್ಲ, ಧೈರ್ಯವೂ ಬರಲಿಲ್ಲ. ಗೋಡೆ ಗಟ್ಟಿಯಾಗಿದ್ದರೆ, ಯಾರದೋ ಮಿಲ್ಲನ್ನು ಸುಮ್ಮನೆ ಇನ್ನಷ್ಟು ದಿನ ನಿಲ್ಲಿಸಿದವಳಾಗುತ್ತೇನೆ ಎನಿಸಿತು.

ಮರುದಿನ ಹುಲುಗಪ್ಪನವರೇ ಉಳಿ ಹಿಡಿದರು. ಮೇಲಿನ ಗೋಡೆ ಗಟ್ಟಿಯಾಗಿಯೇ ಇತ್ತು. ವಿರೂಪಾಕ್ಷಪ್ಪ ನನ್ನತ್ತ ನೋಡಲಿಲ್ಲ. ತಳ ಸಮೀಪಿಸಿದಾಗ ಉಳಿಯ ಸದ್ದು ಬದಲಾಯಿತು. ಗೋಡೆಯ ಬಿರುಕಿನೊಳಗೆ ಬೆರಳಿನಂತೆ ಕಬ್ಬಿಣ ಇಳಿದು ಹೆಪ್ಪುಗಟ್ಟಿತ್ತು. ಅದರ ತುದಿಗೂ ಸುರುಳಿಗೂ ನಡುವೆ ಉಳಿದದ್ದು ಹಾಳೆಯಷ್ಟು ತೆಳ್ಳನೆಯ ಗೋಡೆ.

"ನೀವು ನಿಲ್ಲುವುದು ಯಾವ ಬದಿ?" ಎಂದು ಕೇಳಿದೆ.

"ಇದ ಬದೀರಿ," ಎಂದು ಹುಲುಗಪ್ಪ ಉಳಿ ಕೆಳಗಿಟ್ಟು ಅಲ್ಲೇ ಕುಳಿತರು.

ಆಮೇಲೆ ವಿರೂಪಾಕ್ಷಪ್ಪ ಕಂಪ್ಲಿಗೆ ಫೋನ್ ಮಾಡಿದರು. "ತಡ ಆಗ್ತೈತ್ರಿ. ಕಾಯಾಕ ಆಗಂಗಿಲ್ಲ ಅಂದ್ರ ಬ್ಯಾರೆ ಕಡೆ ಮಾಡಿಸ್ಕೋರ್ರಿ, ನಂದೇನೂ ಬ್ಯಾಸರ ಇಲ್ಲ." ಆ ಕಡೆಯವರು ಏನೆಂದರೋ ಗೊತ್ತಾಗಲಿಲ್ಲ. ಫೋನ್ ಇಟ್ಟು ಎಲ್ಲರಿಗೂ ಚಹಾ ತರಿಸಿದರು.

ಮಧ್ಯಾಹ್ನ ಹೆದ್ದಾರಿಗೆ ಬಂದೆ. ಆಚೆ ಬದಿಯಲ್ಲಿ ಹುಲುಗಪ್ಪ ಗಾದಿಗನೂರಿನ ತಮ್ಮ ಮನೆಗೆ ಹೋಗಲು ಬಸ್ಸು ಕಾಯುತ್ತಿದ್ದರು. ಫೋನಿನಲ್ಲಿ ಹೆಂಡತಿಯೊಂದಿಗೆ ಈಚೆಗೂ ಕೇಳುವಷ್ಟು ಜೋರಾಗಿ ಮಾತು ನಡೆದಿತ್ತು. "ಏನಾಗಿಲ್ಲಬೇ, ಸುಮ್ನ ಲಗೂನ ಬರಾಕತ್ತೀನಿ. ನನಗೂ ಒಂದು ರೊಟ್ಟಿ ಹಾಕು."

ಹೊಸಪೇಟೆಯ ಬಸ್ಸು ಬಂತು. ಹತ್ತಿ ಕುಳಿತು ಕಿಟಕಿಯಿಂದ ನೋಡಿದೆ. ಅವರು ಫೋನ್ ಜೇಬಿಗಿಟ್ಟುಕೊಂಡು, ಬಸ್ಸು ಬರಬೇಕಾದ ದಾರಿಯನ್ನೇ ನೋಡುತ್ತ ನಿಂತಿದ್ದರು.